ಅಡ್ಡಿಯಿಲ್ಲ ಎಂದವನ ಜೊತೆ ಒಂದು ದಿನ

ರೈಲಿನ ಬಾಗಿಲು ತೆರೆದುಕೊಂಡಾಗ ಎದುರಿಗೆ ನಿಂತಿದ್ದವನು, ಇಡೀ ಜರ್ಮನಿಯಲ್ಲಿ ಲಾವಣ್ಯಾ ಮತ್ತೆ ನೋಡಬಾರದೆಂದುಕೊಂಡಿದ್ದ ಒಬ್ಬನೇ ಒಬ್ಬ ಮನುಷ್ಯ.

ಸಿದ್ದಲಿಂಗೇಶ...

ಅದೇ ಎತ್ತರ, ಅದೇ ತುಸು ಬಾಗಿದ ಹೆಗಲು. ಎಡ ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತೂ ಇದ್ದಲ್ಲೇ ಇತ್ತು. ಬೊಬ್ಲಿಂಗೆನ್ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ಜುಲೈ ತಿಂಗಳ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು. ಇಳಿಯುವವರೂ ಹತ್ತುವವರೂ ಅವರಿಬ್ಬರನ್ನು ಬಳಸಿಕೊಂಡು ಹೋದರು.

ಎದೆ ಧಡಕ್ಕೆನ್ನಬೇಕಿತ್ತು. ಕಡೆಯ ಪಕ್ಷ ಸಿಟ್ಟಾದರೂ ಬರಬೇಕಿತ್ತು.

ಏನೂ ಬರಲಿಲ್ಲ. 'ಓ, ಇವರು' ಎಂದಷ್ಟೇ ಹೇಳಿ ಮನಸ್ಸು ಸುಮ್ಮನಾಯಿತು.

"ನಮಸ್ಕಾರ್ರಿ," ಎಂದ ಅವನು.

"ಮಹಾಲಿಂಗಪ್ಪ ಅಂಕಲ್ ಬರ್ತೀನಿ ಅಂದಿದ್ರು..."

"ಅವರ ಸೊಂಟ ಹಿಡದೈತ್ರಿ. ನಿನ್ನಿ ನೀರಿನ ಬಾಟ್ಲಿ ಕ್ರೇಟ್ ಎತ್ತಾಕ ಹೋಗಿದ್ರಂತ. ಸುಶೀಲಾಬಾಯಿ ಅಕ್ಕಾರು ಹೊರಗ ಕಾರಿನಾಗ ಕುಂತಾರ. ಗಾಡಿ ಹೊಡಿಯಾಕ ನನ್ನ ಕರದ್ರು." ಅವನು ಅವಳ ಸೂಟ್‌ಕೇಸ್‌ಗಳತ್ತ ನೋಡಿದ. "ನಾ ಬಂದಿದ್ದಕ್ಕ ನಿಮಗೇನೂ ತೊಂದ್ರಿ ಇಲ್ಲಲ್ರಿ?"

"ಪರವಾಗಿಲ್ಲ."

ಕಳೆದ ಐದು ತಿಂಗಳಲ್ಲಿ ಅವಳ ಬಾಯಿಂದ ಅತಿ ಹೆಚ್ಚು ಬಂದ ಮಾತು ಅದು. ಊಟ ಹೇಗಿದೆ? ಪರವಾಗಿಲ್ಲ. ನಿದ್ದೆ ಬರುತ್ತಾ? ಪರವಾಗಿಲ್ಲ. ಕೆಲಸ ಹೋಯಿತಂತೆ? ಪರವಾಗಿಲ್ಲ. ಹಲ್ಲಿನ ವೈದ್ಯರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದೆ, ತನ್ನದೆನ್ನಿಸುವುದಿಲ್ಲ. ಲಾವಣ್ಯಾಳಿಗೆ ತನ್ನ ಇಡೀ ಬದುಕೇ ಹಾಗೆ ಆಗಿತ್ತು.

ಅವನು ಬಾಗಿ ಅವಳ ಎರಡೂ ಸೂಟ್‌ಕೇಸ್‌ಗಳನ್ನು ಎತ್ತಿಕೊಂಡ. ಮ್ಯೂನಿಕ್ ಹತ್ತಿರದ ಗಾರ್ಕಿಂಗ್‌ನ ಒಂಟಿ ಕೋಣೆಯಲ್ಲಿ ಕಳೆದ ಇಪ್ಪತ್ತೆಂಟು ತಿಂಗಳು ಆ ಎರಡರೊಳಗೆ ಹಿಡಿಸಿಬಿಟ್ಟಿದ್ದವು.

"ಭಾಳ ಸಾಮಾನು ತಂದೀರಿ. ಒಂದ ದಿನದ ಟ್ರಿಪ್ ಅಂತ ಅಕ್ಕಾರು ಅಂದ್ರು?"

"ಟ್ರಿಪ್ ಇವತ್ತು. ಮಂಗಳವಾರ ಫ್ರಾಂಕ್‌ಫರ್ಟ್‌ನಿಂದ ನನ್ನ ಫ್ಲೈಟ್. ಅಲ್ಲಿವರೆಗೆ ಆಂಟಿ ಮನೇಲಿರ್ತೀನಿ."

"ಹೊಳ್ಳಿ ಬರೋದು ಯಾವಾಗ್ರಿ?"

"ಬರೋದಿಲ್ಲ."

ಮೆಟ್ಟಿಲಿಳಿಯುತ್ತಿದ್ದ ಅವನ ಕಾಲು ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಅನಂತರ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಲಾವಣ್ಯಾ ಅದನ್ನು ಕಂಡಳು. ಅದಕ್ಕೊಂದು ಅರ್ಥವಿರಬಹುದೆಂದು ಅವಳಿಗೆ ತೋಚಲಿಲ್ಲ.

ಕಂಪ್ಯೂಟರ್ ಬಲ್ಲವರು ಬೇಕೆಂದು ಜರ್ಮನಿ ಐದು ವರ್ಷದ ಗ್ರೀನ್ ಕಾರ್ಡ್ ಹಿಡಿದು ಕರೆದಾಗ ಮೈಸೂರಿನಿಂದ ಬಂದವಳು ಅವಳು. ಆ ಕಾರ್ಡು ಕೆಲಸಕ್ಕೆ ಅಂಟಿಕೊಂಡಿತ್ತು. ಫೆಬ್ರವರಿಯಲ್ಲಿ ಕಂಪನಿ ಮುಚ್ಚಿತು. ಹಾಕಿದ ಅರ್ಜಿಗಳಿಗೆಲ್ಲ ಒಂದೇ ಬಗೆಯ ಸಭ್ಯ ಉತ್ತರ ಬಂತು. ಮೊದಲ ಇಪ್ಪತ್ತು ಪತ್ರಗಳಿಗೆ ಅವಳು ಅತ್ತಳು. ಆಮೇಲೆ ಒಂದು ದಿನ ಅಳು ನಿಂತಿತು. ಅಳುವಿನ ಜೊತೆಗೆ ಉಳಿದದ್ದೂ ನಿಂತುಹೋಯಿತು.

ಕಾರಿನ ಹಿಂದಿನ ಸೀಟಿನಲ್ಲಿ ಸುಶೀಲಾಬಾಯಿ ದೊಡ್ಡದೊಂದು ಬುತ್ತಿಯ ಚೀಲವನ್ನು ತಬ್ಬಿಕೊಂಡು ಕುಳಿತಿದ್ದರು. ವಿಜಯಪುರದ ಹೆಂಗಸು, ಗಂಡ ಮಹಾಲಿಂಗಪ್ಪನವರು ಕಾರು ಕಂಪನಿಯೊಂದರ ಎಂಜಿನಿಯರ್. ಬೊಬ್ಲಿಂಗೆನ್ನಿನ ಸುತ್ತಮುತ್ತಲ ಕನ್ನಡದ ಹುಡುಗ ಹುಡುಗಿಯರಿಗೆಲ್ಲ ಹನ್ನೆರಡು ವರ್ಷಗಳಿಂದ ಅವರ ಮನೆಯೇ ತೌರು.

"ಬಾ ತಂಗಿ, ಬಾ. ಏನಿದು, ಸೊರಗಿ ಹಂಚಿಕಡ್ಡಿ ಆಗಿದಿಯಲ್ಲ. ಮುಂದ ಕೂಡು. ಹಿಂದ ನನಗೂ ರೊಟ್ಟಿ ಗಂಟಿಗೂ ಅಷ್ಟ ಜಾಗಾ ಅದ."

"ನಾನು ಹಿಂದೇನೇ..."

"ಮುಂದ ಕೂಡು ಅಂದೆ."

ಲಾವಣ್ಯಾ ಮುಂದೆ ಕುಳಿತಳು. ಬಾಗಿಲೆಳೆದುಕೊಂಡಾಗ 'ಠಪ್' ಎಂದು ಸದ್ದಾಯಿತು. ಪಕ್ಕದಲ್ಲಿ ಕುಳಿತವನ ಮುಖ ಹುಳ್ಳಗಾದದ್ದು ಕಂಡು ಅವಳಿಗೆ ಹಳೆಯದೊಂದು ನೆನಪು ಬಂತು.

ಕಾರಿನ ಬಾಗಿಲು ಮುಚ್ಚುವ ಸದ್ದನ್ನು ಸರಿಪಡಿಸುವುದೇ ಸಿದ್ದಲಿಂಗೇಶನ ಕೆಲಸವಾಗಿತ್ತು.

ಹದಿನೆಂಟು ತಿಂಗಳ ಹಿಂದೆ, ಹಿಮ ಬಿದ್ದಿದ್ದ ಜನವರಿಯ ಒಂದು ಭಾನುವಾರ, ಇದೇ ಸುಶೀಲಾಬಾಯಿಯವರ ಮನೆಯಲ್ಲಿ ಅವನೇ ಅದನ್ನು ಹೇಳಿದ್ದ. ಅದು ಹೆಣ್ಣು ನೋಡುವ ಶಾಸ್ತ್ರ. ಎರಡೂ ಕಡೆಯ ಹಿರಿಯರು ಊರಲ್ಲಿ; ಹುಡುಗ ಹುಡುಗಿ ಇಲ್ಲಿ. ಹೀಗಾಗಿ ಸುಶೀಲಾಬಾಯಿಯೇ ಎರಡೂ ಕಡೆಯ ಹಿರಿಯರಾಗಿ, ಉಪ್ಪಿಟ್ಟು ತಿರುವುತ್ತ, ಇಬ್ಬರನ್ನೂ ಮಾತಿಗೆ ಕೂಡಿಸಿದ್ದರು.

"ಬಾಗ್ಲಾ ಹಾಕಿದ್ರ ಡಬ್ಬಿ ಸದ್ದು ಬರಬಾರದ್ರಿ. ತಾಯಿ ಕೂಸಿನ ತೊಟ್ಲಕ್ಕ ಕೈ ಇಟ್ಟಂಗ ಬರಬೇಕು. ಅದಕ್ಕ ನನಗ ಪಗಾರ," ಎಂದಿದ್ದ. ಲಾವಣ್ಯಾ ನಕ್ಕಿದ್ದಳು. ಇಳಕಲ್ಲಿನ ನೇಕಾರರ ಮಗ ಅವನು. ಮಗ್ಗದ ಸದ್ದು ಕೇಳುತ್ತ ಬೆಳೆದ ಕಿವಿಯೇ ಇಲ್ಲಿ ಅನ್ನ ಕೊಡುತ್ತಿದೆ ಎಂದಿದ್ದ. ಎರಡು ಗಂಟೆ ಹೋದದ್ದೇ ತಿಳಿದಿರಲಿಲ್ಲ. 'ಇವರೇ' ಎಂದು ಅವಳ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಆಮೇಲೆ ನೀರು ಕುಡಿಯಲೆಂದು ಅಡುಗೆಮನೆಗೆ ಹೋದಾಗ, ಪಡಸಾಲೆಯಲ್ಲಿ ಅವನು ತಾಯಿಗೆ ಫೋನು ಮಾಡುತ್ತಿದ್ದುದು ಕಿವಿಗೆ ಬಿತ್ತು.

"ಹೂಂ ಯವ್ವಾ, ನೋಡಿದೆ... ಹುಡುಗಿ ಅಡ್ಡಿಯಿಲ್ಲ... ಹೌದು, ಅಡ್ಡಿಯಿಲ್ಲ ಅಂದ್ನೆಲ್ಲ..."

ಅಡ್ಡಿಯಿಲ್ಲ.

ಮೈಸೂರಿನಲ್ಲಿ ಹುಟ್ಟಿ ಬೆಳೆದ ಅವಳಿಗೆ ಆ ಮಾತಿನ ಅರ್ಥ ಸ್ಪಷ್ಟವಿತ್ತು. ಅಭ್ಯಂತರವಿಲ್ಲ. ತಕರಾರು ತೆಗೆಯಲು ಕಾರಣ ಸಿಗಲಿಲ್ಲ, ಆದರಾಗಲಿ. ಬಾಡಿಗೆ ಮನೆ ನೋಡಿ ಬಂದವರು ಹೇಳುವಂಥ ಮಾತು! ಎರಡು ಗಂಟೆಗಳ ಕಾಲ ತನ್ನೊಳಗೆ ಅರಳಿದ್ದು ಅವನೊಳಗೆ ಇಷ್ಟೇ ಆಗಿತ್ತೇ?

ತಲೆನೋವೆಂದು ಹೇಳಿ ಅವಳು ಸಿಕ್ಕ ರೈಲು ಹತ್ತಿದಳು. ಆ ರಾತ್ರಿಯೇ ಅವನಿಗೊಂದು ಈಮೇಲ್ ಬರೆದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಎರಡೇ ವಾಕ್ಯ. 'ನನಗೆ ಅಡ್ಡಿ ಇದೆ. ಕ್ಷಮಿಸಿ.'

ತನ್ನ ಮಾತು ಇವಳ ಕಿವಿಗೆ ಬಿದ್ದಿದೆಯೆಂದು ಅವನಿಗೆ ತಿಳಿಯಲಿ, ಚುಚ್ಚಲಿ ಎಂದೇ ಆ ಪದವನ್ನು ಆರಿಸಿದ್ದಳು. ಉತ್ತರ ಬರಲಿಲ್ಲ.

ಲ್ಯಾವೆಂಡರ್ ಹೂ ಕೊಯ್ಯಲು ಬಿಡುವ ಹೊಲವೊಂದಕ್ಕೆಂದು ಹೊರಟ ಕಾರು ಆಲ್ಬ್ ಬೆಟ್ಟದ ಏರು ಹತ್ತುತ್ತಿತ್ತು. ಹಿಂದಿನಿಂದ ಸುಶೀಲಾಬಾಯಿ ಬಿಡುವಿಲ್ಲದೆ ಮಾತಾಡುತ್ತಿದ್ದರು.

"ಅವ್ವ ಏನಂದ್ಲು ತಂಗಿ? ಆ ಬ್ಯಾಂಕಿನ ಹುಡುಗನ ಮಾತು ಎಲ್ಲಿಗಿ ಬಂತು?"

ಸ್ಟೀರಿಂಗ್ ಮೇಲಿನ ಕೈ ಸ್ವಲ್ಪ ಬಿಗಿಯಾಯಿತು.

"ಇವತ್ತು ಸಂಜೆಯೊಳಗೆ ಉತ್ತರ ಹೇಳು ಅಂದಿದ್ದಾರೆ. ಹೂಂ ಅಂದ್ರೆ, ಮುಂದಿನ ಭಾನುವಾರ ಮಾತುಕತೆ."

"ಹುಡುಗ ಹೆಂಗಿದಾನ?"

"ಫೋಟೋ ಕಳಿಸಿದ್ರು. ಪರವಾಗಿಲ್ಲ."

"ಪರವಾಗಿಲ್ಲಂತ! ಜೀವನಪೂರ್ತಿ ಅವನ ಮಾರಿ ನೋಡಾಕಿ ನೀನು. ಬದನಿಕಾಯಿ ಆರಿಸೋ ಮುಂದ ನಾ ಇದಕ್ಕಿಂತ ಹೆಚ್ಚು ವಿಚಾರ ಮಾಡ್ತೀನಿ."

ಲಾವಣ್ಯಾ ಕಿಟಕಿಯತ್ತ ತಿರುಗಿದಳು. ಯಾರಾದರೇನು? ಯಾವ ಊರಾದರೇನು? ಸಂಜೆ ಫೋನಿನಲ್ಲಿ 'ಹೂಂ' ಎನ್ನಬೇಕು, ಅಷ್ಟೇ. ಒಂದಕ್ಷರ.

ಪೆಟ್ರೋಲ್ ಬಂಕಿನಲ್ಲಿ ಸುಶೀಲಾಬಾಯಿ ಇಳಿದು ಒಳಗೆ ಹೋದರು. ಕಾರಿನಲ್ಲಿ ಇಬ್ಬರೇ ಉಳಿದರು. ಸಿದ್ದಲಿಂಗೇಶ ಮುಂದಿನ ಗಾಜನ್ನೇ ನೋಡುತ್ತ, ಬಹಳ ಹೊತ್ತು ಮನಸ್ಸಿನಲ್ಲೇ ತಿದ್ದಿಕೊಂಡ ವಾಕ್ಯವೊಂದನ್ನು ಹೊರಗಿಟ್ಟ.

"ಒಂದು ಮಾತು ಕೇಳ್ಲೇನ್ರಿ? ಆವಾಗ ನೀವು ಮೇಲ್‌ನ್ಯಾಗ ಬರದಿದ್ರೆಲ್ಲ... ಆ ಅಡ್ಡಿ ಇನ್ನೂ ಐತೇನ್ರಿ?"

ಇಷ್ಟು ತಿಂಗಳಾದ ಮೇಲೆ ಕುಟುಕಬೇಕಿತ್ತೇ? ತಾನೆಸೆದ ಪದವನ್ನೇ ಕಾದಿಟ್ಟುಕೊಂಡು ತಿರುಗಿ ಎಸೆಯಬೇಕಿತ್ತೇ?

"ಇದೆ," ಎಂದಳು ಲಾವಣ್ಯಾ. "ಯಾವಾಗಲೂ ಇರುತ್ತೆ."

"ಆತ್ರಿ." ಅವನು ತಲೆಯಾಡಿಸಿದ. "ಇನ್ನ ಕೇಳಂಗಿಲ್ಲ."

ಅವನ ದನಿಯಲ್ಲಿ ಕುಟುಕಿರಲಿಲ್ಲ. ಗೆದ್ದವನ ಖುಷಿಯೂ ಇರಲಿಲ್ಲ. ಅದು ಅವಳಿಗೆ ಸ್ವಲ್ಪ ವಿಚಿತ್ರವೆನಿಸಿತು... ಅಷ್ಟರಲ್ಲಿ ಸುಶೀಲಾಬಾಯಿ ಬಂದರು.

ಓದುಗರೇ, ಲ್ಯಾವೆಂಡರ್ ಹೊಲವೆಂದರೆ ದಿಗಂತದವರೆಗೂ ಹಾಸಿದ ನೇರಳೆ ಜಮಖಾನ ಎಂದು ಚಿತ್ರಗಳಲ್ಲಿ ನೋಡಿದವರಿಗೆ ಇಲ್ಲಿ ನಿರಾಸೆಯಾದೀತು. ಕಲ್ಲು ತುಂಬಿದ ಇಳಿಜಾರಿನಲ್ಲಿ ಮೂವತ್ತೋ ನಲವತ್ತೋ ಸಾಲುಗಳು, ಒಂದು ಮರದ ಕೊಟ್ಟಿಗೆ, ಒಂದು ಸೇಬಿನ ಮರ, ಅದರ ನೆರಳಿಗೊಂದು ಬೆಂಚು. ಜೇನುಹುಳಗಳ ಗುಂಯ್‌ಗುಡುವಿಕೆ ಮಾತ್ರ ಹೊಲಕ್ಕಿಂತ ದೊಡ್ಡದಾಗಿತ್ತು.

ಹೊಲದ ಒಡತಿ ಫ್ರಾವ್ ಹೇಫೆಲೆ ಎಂಬ ಮುದುಕಿ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಬಂದವರ ಕೈಗೆಲ್ಲ ಒಂದೊಂದು ಕುಡುಗೋಲು, ಒಂದು ತುಂಡು ದಾರ ಕೊಟ್ಟು, ಹೆಸರು ಕೇಳುತ್ತಿದ್ದಳು.

"ಲಾವಣ್ಯಾ," ಎಂದಳು ಇವಳು.

"ಲಾವೆಂಡಲ್?" ಮುದುಕಿ ಹುಬ್ಬೇರಿಸಿದಳು. ಜರ್ಮನ್ನಿನಲ್ಲಿ ಆ ಹೂವಿನ ಹೆಸರೇ ಅದು.

"ಹಂಗಾರ ನಿನ್ನೂ ಕೊಯ್ದು ದಾರ ಕಟ್ಟತಾಳ, ಹುಷಾರು," ಎಂದು ಸುಶೀಲಾಬಾಯಿ ಬೆಂಚಿನತ್ತ ನಡೆದರು. "ನಾ ಇಲ್ಲೇ ಕೂಡ್ತೀನವಾ. ಇಷ್ಟು ದೂರ ಬಂದು ಸೋಪಿನ ವಾಸನಿ ಕುಡಿಯೋದು ನನ್ನ ಕೈಲಿ ಆಗೂದಿಲ್ಲ."

ಕೊಯ್ಯುವ ಬಗೆಯನ್ನು ಮುದುಕಿ ತೋರಿಸಿದಳು. ಹಸಿರು ದಂಟನ್ನಷ್ಟೇ ಕತ್ತರಿಸಬೇಕು. ಕೆಳಗಿನ ಒಣ ಕಟ್ಟಿಗೆಗೆ ಕುಡುಗೋಲು ತಾಗಿದರೆ ಆ ಕೊಂಬೆ ಮತ್ತೆ ಚಿಗುರುವುದಿಲ್ಲ.

ಲಾವಣ್ಯಾ ಒಂದು ಸಾಲಿನಲ್ಲಿ ಮೊಣಕಾಲೂರಿ ಕುಳಿತಳು. ಮುಂದಿನ ಸಾಲಿನಲ್ಲಿ, ಕೈಯಳತೆಯ ದೂರದಲ್ಲಿ, ಸಿದ್ದಲಿಂಗೇಶ ಕುಳಿತ. ಮುಖವನ್ನು ಹೂವಿನೊಳಗೆ ಅದ್ದಿ ಅವಳು ದೀರ್ಘವಾಗಿ ಉಸಿರೆಳೆದಳು.

ಏನೂ ಇಲ್ಲ. ಬಿಸಿ ಗಾಳಿ ಮಾತ್ರ.

'ಇದೂ ಹೋಯಿತು' ಎಂದುಕೊಂಡಳು. ಸುತ್ತ ಇದ್ದವರೆಲ್ಲ ಕಣ್ಮುಚ್ಚಿ ಪರಿಮಳ ಹೀರುತ್ತಿದ್ದರು. ಅವಳು ಕಚೇರಿಯ ಕೆಲಸ ಮಾಡುವಂತೆ ದಂಟು ಎಣಿಸಿ ಕೊಯ್ದಳು, ತಲೆಗಳನ್ನು ಸಮ ಮಾಡಿದಳು. ಮೈಸೂರಿನಲ್ಲಿ ಅಜ್ಜಿ ಮೊಗ್ಗು ಕಟ್ಟಲು ಕಲಿಸಿದ್ದಂತೆ ದಾರವನ್ನು ಎರಡು ಸುತ್ತು ತಂದು ಒಳಗಿನಿಂದ ಎಳೆದು ಬಿಗಿದಳು. ಬೆರಳುಗಳಿಗೆ ನೆನಪಿತ್ತು, ಅವಳಿಗಲ್ಲ.

ಫ್ರಾವ್ ಹೇಫೆಲೆ ಸಾಲುಗಳ ನಡುವೆ ಓಡಾಡುತ್ತ ಎಲ್ಲರ ಕಟ್ಟುಗಳನ್ನೂ ನೋಡುತ್ತಿದ್ದಳು. ಸಿದ್ದಲಿಂಗೇಶನ ಕಟ್ಟನ್ನು ಕಂಡು ನಾಲಿಗೆಯಲ್ಲಿ ಲೊಚ್ಚೆಂದಳು. ಲಾವಣ್ಯಾಳ ಕಟ್ಟನ್ನು ಕೈಗೆತ್ತಿಕೊಂಡು, ತಲೆಕೆಳಗು ಮಾಡಿ ಕೊಡವಿದಳು. ಒಂದು ದಂಟೂ ಜಾರಲಿಲ್ಲ. ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ನೆಟ್ ಶ್ಲೆಕ್ಟ್," ಎಂದಳು. ಕಟ್ಟನ್ನು ಹಿಂದಿರುಗಿಸಿ ಹೊರಟುಹೋದಳು.

ಸಿದ್ದಲಿಂಗೇಶ ಕುಡುಗೋಲು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ.

"ಕೇಳಿದ್ರೇನ್ರಿ, ಆ ಮುದುಕಿ ಏನಂದ್ಲು?"

"ಕೇಳಿಸ್ತು. ಕೆಟ್ಟದಾಗೇನಿಲ್ಲ ಅಂದ್ರು. ಅಂದ್ರೆ, ಪರವಾಗಿಲ್ಲ ಅಂತ."

"ಅಲ್ರಿ! ನೀವು ಮ್ಯೂನಿಕ್‌ನ್ಯಾಗ ಪುಸ್ತಕದ ಜರ್ಮನ್ ಕಲ್ತೀರಿ. ಇದು ಶ್ವಾಬರ ಸೀಮಿ. ಇವರ ಬಾಯಾಗ ಅದಕ್ಕಿಂತ ದೊಡ್ಡ ಮಾತು ಇಲ್ರಿ. ನಮ್ಮ ಫ್ಯಾಕ್ಟರಿ ಮಾಸ್ತರ ಮೂರು ವರ್ಷದಾಗ ನನಗ ಒಮ್ಮೆ ಅಂದಾನ. ಅವತ್ತು ನಾ ಎಲ್ಲರಿಗೂ ಕೇಕ್ ಕೊಡಿಸಿದೆ." ಅವನು ತನ್ನ ಸಡಿಲ ಕಟ್ಟನ್ನು ಎತ್ತಿ ನೋಡಿ ನಿಟ್ಟುಸಿರಿಟ್ಟ. "ಥೇಟ್ ನಮ್ಮಪ್ಪನ ಅಡ್ಡಿಯಿಲ್ಲ ಇದ್ದಂಗ."

ಲಾವಣ್ಯಾಳ ಕೈ ದಂಟಿನ ಮೇಲೆ ನಿಂತಿತು.

"ಏನಂದ್ರಿ?"

"ನಮ್ಮಪ್ಪ ಉಳವಪ್ಪ ಅಂತ್ರಿ. ನಲವತ್ತು ವರ್ಷ ಸೀರಿ ನೇಯ್ದಾನ. ಊರಾಗಿನವರು ತಮ್ಮ ಸೀರಿ ತಂದು ಅವನ ಮುಂದ ಹಾಸ್ತಾರ. ಸೆರಗು ತಿರುವ್ಯಾಡಿ ನೋಡ್ತಾನ, ಸುಮ್ಮನ ಇರ್ತಾನ. ಎಲ್ಲೋ ವರ್ಷಕ್ಕ ಒಂದು ಸಲ 'ಅಡ್ಡಿಯಿಲ್ಲ' ಅಂತಾನ. ಅವತ್ತು ಆ ನೇಕಾರ ಊರತುಂಬ ಹೇಳ್ಕೊಂಡು ಬರ್ತಾನ. ನಾ ಎಂಜಿನಿಯರಿಂಗ್ ಪಾಸಾದಾಗ ಅಂದಿದ್ದ. ನಮ್ಮವ್ವಗ ಲಗ್ನದ ದಿನ ಅಂದಿದ್ನಂತ, ಆಕಿ ಇನ್ನೂ ನೆನಸ್ಕೊಂತಾಳ."

"ಅಡ್ಡಿಯಿಲ್ಲ ಅಂದ್ರೆ... ಅಭ್ಯಂತರ ಇಲ್ಲ ಅಂತಲ್ವಾ?"

"ನಿಮ್ಮ ಕಡೆ ಹಂಗೇನ್ರಿ? ನಮ್ಮ ಕಡೆ ಛಲೋ ಅಂತ್ರಿ. ಭಾಳ ಛಲೋ. ಬಾಯಿಬಿಟ್ಟು ಹೊಗಳಿದ್ರ ದೃಷ್ಟಿ ತಾಕ್ತೈತಿ ಅಂತ ಅಷ್ಟ ಅಂತಾರ."

ಜೇನುಹುಳವೊಂದು ಅವರಿಬ್ಬರ ನಡುವಿನ ಹೂವಿನ ಮೇಲೆ ಕುಳಿತು, ದಂಟು ಬಾಗಿತು. ಲಾವಣ್ಯಾ ಅದನ್ನೇ ನೋಡುತ್ತಿದ್ದಳು. ಹಿಮ ಬಿದ್ದಿದ್ದ ಆ ಪಡಸಾಲೆ, ಅಡುಗೆಮನೆಯ ಬಾಗಿಲು, ಕೈಯಲ್ಲಿದ್ದ ನೀರಿನ ಲೋಟ... ಎಲ್ಲವೂ ಒಂದೊಂದಾಗಿ ಜಾಗ ಬದಲಿಸಿದವು.

"ನೀವು ಆವತ್ತು ನಿಮ್ಮಮ್ಮನಿಗೆ ಫೋನಲ್ಲಿ ಹೇಳಿದ್ರಿ," ಎಂದಳು ನಿಧಾನವಾಗಿ. "ಹುಡುಗಿ ಅಡ್ಡಿಯಿಲ್ಲ ಅಂತ. ನಾನು ಅಡುಗೆಮನೇಲಿದ್ದೆ."

"ಹೇಳಿದ್ದೆ. ಆಕಿಗೆ ನಂಬಿಕಿ ಬರ್ಲಿಲ್ಲ, ಮತ್ತ ಮತ್ತ ಹೇಳಿಸಿದ್ಲು. ನಾ ಯಾರಿಗೂ ಹಂಗ ಅಂದವನಲ್ಲ."

ಅವನ ಮುಖದಲ್ಲಿ ಅರ್ಥ ಮೆಲ್ಲನೆ ಇಳಿಯುತ್ತಿತ್ತು. ಕುಡುಗೋಲು ಹಿಡಿದ ಕೈ ಮಣ್ಣಿನ ಮೇಲೆ ಊರಿಕೊಂಡಿತು.

"ನೀವು ಅದಕ್ಕ..."

"ನನ್ನಲ್ಲಿ ನಿಮಗೆ ಇಷ್ಟವಾಗೋಂಥದ್ದು ಏನೂ ಸಿಗಲಿಲ್ಲ, ಬೇಡ ಅನ್ನೋಕೂ ಏನೂ ಸಿಗಲಿಲ್ಲ ಅಂದ್ಕೊಂಡೆ. ಅದಕ್ಕೇ ನನಗೆ ಅಡ್ಡಿ ಇದೆ ಅಂತ ಬರೆದೆ. ನಿಮಗೆ ಅರ್ಥವಾಗುತ್ತೆ ಅಂದ್ಕೊಂಡಿದ್ದೆ."

"ನಾ ಏನ್ ತಿಳ್ಕೊಂಡೆ ಗೊತ್ತೇನ್ರಿ?" ಅವನು ನಗಲು ಪ್ರಯತ್ನಿಸಿದ, ಆಗಲಿಲ್ಲ. "ನಿಮಗ ಏನೋ ತೊಡಕು ಐತಿ ಅಂತ ತಿಳ್ಕೊಂಡೆ. ಮನ್ಯಾಗ ಏನರ ಕಷ್ಟ ಇರಬೇಕು, ಇಲ್ಲಾ ಮನಸಿನಾಗ ಇನ್ಯಾರೋ ಇರಬೇಕು. ಅಡ್ಡಿ ಐತಿ ಅಂದ ಹೆಣಮಗಳನ್ನ, ಏನ್ ಅಡ್ಡಿ ಅಂತ ಕೇಳೋದು ಮರ್ಯಾದಿ ಅಲ್ಲಲ್ರಿ? ಹೋಗೋತನಕ ಕಾಯೋದು ಅಂತ ಸುಮ್ಮನಾದೆ."

"ಕಾಯೋದು?"

"ಹೂಂ."

"ಒಂದೂವರೆ ವರ್ಷ?"

"ಮತ್ತೇನ್ ಮಾಡ್ಲಿ? ಅದಕ್ಕ ಬೆಳಿಗ್ಗೆ ಬಂಕಿನಾಗ ಕೇಳಿದೆ, ಇನ್ನೂ ಐತೇನು ಅಂತ. ಸದ್ದು ಕೇಳೋದು ನನ್ನ ಕೆಲಸ ನೋಡ್ರಿ. ಇದೊಂದು ಕೇಳಲಿಲ್ಲ."

ಲಾವಣ್ಯಾ ಏಳಲು ಹೋದಳು. ಆಗಲಿಲ್ಲ. ಮೊಣಕಾಲೂರಿ ಕುಳಿತಿದ್ದ ಕಾಲುಗಳಿಗೆ ಜೋಮು ಹಿಡಿದಿತ್ತು. ಅರ್ಧ ಎದ್ದು ಮತ್ತೆ ಮಣ್ಣಿನ ಮೇಲೆ ಕುಸಿದಳು.

"ಕಾಲು ಜುಂ ಅಂತಾವೇನ್ರಿ? ಹಂಗ ಕೂಡ್ರಿ. ಜಗ್ಗಬ್ಯಾಡ್ರಿ. ತಾನ ಬಿಡ್ತೈತಿ."

ಪಾದದಿಂದ ಮೇಲಕ್ಕೆ ಸಾವಿರ ಸೂಜಿಗಳು ಏರತೊಡಗಿದವು. ಐದು ತಿಂಗಳಲ್ಲಿ ಮೊದಲ ಬಾರಿಗೆ ಅವಳಿಗೆ ಎಲ್ಲಿಯೋ ನೋಯುತ್ತಿತ್ತು. ನೋವು ಕಾಲಿನದೇ ಎಂದು ಹೇಳಲು ಅವಳಿಂದ ಆಗಲಿಲ್ಲ. ಒಂದು ಪದ... ಒಂದೇ ಒಂದು ಪದ! ಹತ್ತಿರದ ಸಾಲುಗಳಲ್ಲಿ ಜನ ತಮ್ಮ ಪಾಡಿಗೆ ಹೂ ಕೊಯ್ಯುತ್ತಿದ್ದರು.

"ನನ್ನ ಆ ಫೋನ್ ಆದ ಮರುದಿನ," ಎಂದ ಅವನು, ಅವಳನ್ನು ನೋಡದೆ, "ನಮ್ಮಪ್ಪ ಮಗ್ಗದ ಮ್ಯಾಲ ಸೀರಿ ಏರಿಸಿದ್ನಂತ. ಸೊಸಿಗೆ ಅಂತ. ನಿಮ್ಮ ಮೇಲ್ ಬಂದಿದ್ದು ನಾ ಅವರಿಗೆ ಹೇಳೋದ್ರಾಗ ಅರ್ಧ ನೇಯ್ದು ಮುಗಿಸಿದ್ದ. ಆಮ್ಯಾಲ ಪೂರಾ ಮಾಡಿ ಪೆಟಿಗ್ಯಾಗ ಇಟ್ಟಾನ. ಕೇಳಿದವರಿಗೆ ಕೊಡಂಗಿಲ್ಲ ಅಂತಾನ."

"ಯಾವ ಬಣ್ಣ?"

ಯಾಕೆ ಕೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ಅವನು ಸುತ್ತಲಿನ ಸಾಲುಗಳನ್ನೊಮ್ಮೆ ನೋಡಿದ. "ಇದಲ್ಲ ಬಿಡ್ರಿ. ದಾಳಿಂಬ್ರಿ ಬಣ್ಣ. ಕೆಂಪು ಸೆರಗು."

ಆಗ ಗಾಳಿ ಬೀಸಿತು. ಅದರ ಜೊತೆಗೆ ಒಂದು ವಾಸನೆ ಅವಳ ಮೂಗಿಗೆ ಬಡಿಯಿತು. ಖಾರವಾದ, ಹುರಿದ, ನಾಚಿಕೆಯಿಲ್ಲದ ಒಂದು ವಾಸನೆ. ಬೆಳ್ಳುಳ್ಳಿ! ಸೇಬಿನ ಮರದ ಕೆಳಗೆ ಸುಶೀಲಾಬಾಯಿ ಶೇಂಗಾ ಚಟ್ನಿಯ ಡಬ್ಬಿ ತೆರೆದಿದ್ದರು. ಅದೇ ಬೆಂಚಿನ ತುದಿಯಲ್ಲಿದ್ದ ಜರ್ಮನ್ ದಂಪತಿ ಮೆಲ್ಲನೆ ಜಾಗ ಬದಲಿಸುತ್ತಿದ್ದರು.

ಇಷ್ಟೊಂದು ಲ್ಯಾವೆಂಡರಿನ ನಡುವೆ ಲಾವಣ್ಯಾಳನ್ನು ಮೊದಲು ಬಂದು ಮುಟ್ಟಿದ್ದು ಆ ಬೆಳ್ಳುಳ್ಳಿ. ಅದರ ಹಿಂದೆಯೇ, ತಡವಾಗಿ ಬಂದ ಅತಿಥಿಯಂತೆ ಹಿಂಜರಿಯುತ್ತ, ಹೂವಿನ ಪರಿಮಳ ಬಂತು. ಅಂಗೈಯನ್ನು ಮೂಗಿಗೆ ಒಯ್ದಳು. ಇಷ್ಟು ಹೊತ್ತೂ ಅಲ್ಲಿಯೇ ಇತ್ತು.

"ರೊಟ್ಟಿ ಆರಿ ಚಕ್ಕಳ ಆಗ್ಲಿಕ್ಹತ್ಯಾವ!" ಸುಶೀಲಾಬಾಯಿ ಕೂಗಿದರು. ಯಾರೂ ಅಲುಗಾಡದಿದ್ದುದನ್ನು ಕಂಡು ತಾವೇ ಎದ್ದು ಬಂದರು. "ಏನಾತು? ಯಾಕ ಇಬ್ಬರೂ ಮಣ್ಣಾಗ ಕುಂತೀರಿ?"

ಲಾವಣ್ಯಾ ಹೇಳಿದಳು. ಮೂರೇ ವಾಕ್ಯದಲ್ಲಿ ಹೇಳಿದಳು. ಸುಶೀಲಾಬಾಯಿ ಸೊಂಟದ ಮೇಲೆ ಕೈಯಿಟ್ಟು ಒಬ್ಬರಾದ ಮೇಲೊಬ್ಬರನ್ನು ನೋಡಿದರು.

"ಒಂದು ಮಾತಿಗೆ ಒಂದೂವರಿ ವರ್ಷ? ಇಲ್ಲಿನ ಸರ್ಕಾರಿ ಆಮ್ಟ್‌ನ್ಯಾಗಿನ ಫೈಲೂ ಇದಕ್ಕಿಂತ ಲಗೂ ಸರಿತಾವ. ನಾ ಅಲ್ಲೇ ಒಲಿ ಮುಂದ ನಿಂತಿದ್ನೆಲ್ಲೇ ತಂಗಿ, ಅಡ್ಡಿಯಿಲ್ಲ ಅಂದ್ರ ಏನ್ರಿ ಅಂತ ಕೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ಕನ್ನಡ ಅಲ್ವಾ ಆಂಟಿ, ಗೊತ್ತು ಅಂದ್ಕೊಂಡೆ."

"ಜರ್ಮನ್ ಇದ್ದಿದ್ರ ಡಿಕ್ಷನರಿ ತಗದು ನೋಡ್ತಿದ್ದಿ. ತಮ್ಮಾ, ನೀನರ? ಏನ್ ಅಡ್ಡಿ ಅಂತ ಕೇಳಾಕ ಬಾಯಿಗೆ ಏನಾಗಿತ್ತು?"

"ತಪ್ಪಾತ್ರಿ ಅಕ್ಕಾರ."

"ತಪ್ಪು ಆಮ್ಯಾಲ ಒಪ್ಪಗೋ. ಮೊದಲ ರೊಟ್ಟಿ ತಿನ್ರಿ." ಅವರು ಹಿಂದಿರುಗಿ ಹೋಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಟ್ನಿಯ ಖಾರಕ್ಕೆ ಎಂದು ಯಾರೂ ಕೇಳದಿದ್ದರೂ ಹೇಳಿದರು.

ಲಾವಣ್ಯಾ ಎರಡು ರೊಟ್ಟಿ ತಿಂದಳು. ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು.

ಊಟವಾದ ಮೇಲೆ ಸಿದ್ದಲಿಂಗೇಶನ ಮೊಬೈಲಿನಿಂದ ಮೈಸೂರಿಗೆ ಫೋನು ಮಾಡಿದಳು. ಅಲ್ಲಿ ಆಗಲೇ ದೀಪ ಹಚ್ಚುವ ಹೊತ್ತು. ತಾಯಿ ವಿಜಯಮ್ಮನವರು ಮೊದಲ ಗಂಟೆಗೇ ಎತ್ತಿಕೊಂಡರು.

"ಲಾವಿ? ನಿನ್ನ ಫೋನಿಗೇ ಕಾಯ್ತಿದ್ದೆ. ಏನು ಹೇಳ್ಲಿ ಅವರಿಗೆ?"

"ಬೇಡ ಅಂತ ಹೇಳಿಬಿಡ್ತೀಯಾ ಅಮ್ಮ?"

"ಯಾಕೇ? ಮೊನ್ನೆ ಹುಡುಗ ಪರವಾಗಿಲ್ಲ ಅಂದ್ಯಲ್ಲ?"

"ಅದೇ ಅಮ್ಮ. ಪರವಾಗಿಲ್ಲ ಅನ್ನೋದು ಸಾಲದು."

"ಅಳ್ತಿದ್ದೀಯಾ?"

ಲಾವಣ್ಯಾ ಕೆನ್ನೆ ಮುಟ್ಟಿ ನೋಡಿಕೊಂಡಳು. ಒದ್ದೆಯಾಗಿತ್ತು.

"ಹೌದು ಅನ್ಸುತ್ತೆ," ಎಂದಳು. "ಬಂದು ಎಲ್ಲಾ ಹೇಳ್ತೀನಿ. ಗಾಬರಿಯಾಗಬೇಡ."

ಫೋನು ಹಿಂದಿರುಗಿಸಲು ಅವಳು ಕೊಟ್ಟಿಗೆಯ ಪಕ್ಕಕ್ಕೆ ಬಂದಾಗ ಅವನು ಕಾರಿನ ಬಾಗಿಲ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ಬೆಳಗ್ಗೆಯ ಆ 'ಠಪ್' ಅವನನ್ನು ದಿನವಿಡೀ ಕಾಡಿತ್ತೇನೋ.

"ಮಂಗಳವಾರ ನಾನು ಹೋಗ್ತೀನಿ," ಎಂದಳು ಲಾವಣ್ಯಾ.

"ಹೋಗ್ರಿ."

"ತಡೆಯಲ್ವಾ?"

ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಇವತ್ತು ತಡದ್ರ, ಇಲ್ಲಿರೋ ಪರ್ಮಿಟ್ಟಿಗೋಸ್ಕರ ಆದ ಲಗ್ನ ಅಂತ ನಾಳೆ ಎಂದರ ನಿಮಗ ಅನ್ನಿಸಬಹುದು. ಅಂಥಾ ಸಂಶಯ ಇಡೋದು ಬ್ಯಾಡ. ಮೊದಲ ಒಂದು ಮಾತಿನ ಸಂಶಯಕ್ಕ ಇಷ್ಟು ದಿನ ಹೋಗ್ಯಾವ. ನೀವು ಹೋಗ್ರಿ. ದೀಪಾವಳಿಗೆ ನಾ ರಜಾ ಹಾಕ್ತೀನಿ. ಅಪ್ಪನ್ನ, ಅವ್ವನ್ನ ಕರ್ಕೊಂಡು ಮೈಸೂರಿಗೆ ಬರ್ತೀನಿ."

"ಸೀರೆ?"

"ಅದನ್ನ ನಮ್ಮವ್ವ ಅಂಬವ್ವ ಬಿಟ್ಟು ಬಂದಾಳೇನ್ರಿ?"

ಲಾವಣ್ಯಾಳ ತುಟಿಯ ಒಂದು ಕೊನೆ ಮೇಲೇರಿತು. ಬಹುದಿನ ಮಡಿಸಿಟ್ಟ ಬಟ್ಟೆಯಂತೆ ಆ ನಗೆ ಇನ್ನೂ ಸುಕ್ಕು ಸುಕ್ಕಾಗಿತ್ತು. ಮೈಯ ಜೋಮು ಪೂರ್ತಿ ಬಿಟ್ಟಿರಲಿಲ್ಲ. ಬೆರಳ ತುದಿಗಳಲ್ಲಿ, ಎದೆಯ ಒಂದು ಮೂಲೆಯಲ್ಲಿ ಸೂಜಿಗಳು ಇನ್ನೂ ಆಡುತ್ತಿದ್ದವು. ಆಡಲಿ ಎಂದುಕೊಂಡಳು.

ಸುಶೀಲಾಬಾಯಿ ಖಾಲಿ ಡಬ್ಬಿಗಳನ್ನು ಹಿಡಿದು, ಈ ಸಲ ಯಾರಿಗೂ ಏನೂ ಹೇಳದೆ, ಹಿಂದಿನ ಸೀಟಿಗೆ ಏರಿದರು. ಲಾವಣ್ಯಾ ಮುಂದೆ ಕುಳಿತಳು. ತಾನು ಕಟ್ಟಿದ ಹೂವಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನು ಎಳೆದುಕೊಂಡಳು. ಮೆತ್ತಗೆ, ತುಂಬಿದ ದನಿಯಲ್ಲಿ ಅದು ಮುಚ್ಚಿಕೊಂಡಿತು.

ಅವನು ಕೀಲಿ ತಿರುಗಿಸಲಿಲ್ಲ. ಬೆಳಗ್ಗೆಯ ಹಾಗೆಯೇ ಮುಂದಿನ ಗಾಜನ್ನು ನೋಡುತ್ತಿದ್ದ.

"ಇನ್ನ ಕೇಳಂಗಿಲ್ಲ ಅಂದಿದ್ದೆ. ಆದ್ರೂ ಕೇಳ್ತೀನ್ರಿ. ನಿಮಗ ಇನ್ನೂ ಅಡ್ಡಿ ಐತೇನು?"

"ಅಡ್ಡಿಯಿಲ್ಲ."

ಅವನು ತಿರುಗಿ ಅವಳನ್ನು ನೋಡಿದ. "ಇದು ಮೈಸೂರಿಂದೋ, ಇಳಕಲ್ಲಿಂದೋ?"

"ಇಳಕಲ್ಲಿಂದೇ," ಎಂದಳು ಲಾವಣ್ಯಾ.